ಸಿನಿಮಾ ಹೆಲ್ಮೆಟ್‌ಗೆ ಮಿಣುಕು ದೀಪ ಕೂರಿಸುವುದು ಹೇಗೆ?

ಸಿನಿಮಾ ಪಾತ್ರದ ವೇಷಕ್ಕೆ ಮಾಡಿದ ಹೆಲ್ಮೆಟ್ ಸಿದ್ಧವಾಗಿದೆ, ಬಣ್ಣ ಒಣಗಿದೆ, ಗೀರುಗಳು ಕೂಡ ಸಿನಿಮಾದಲ್ಲಿ ಇದ್ದ ಜಾಗದಲ್ಲೇ ಬಂದಿವೆ. ಇನ್ನು ಉಳಿದಿರುವುದು ದೀಪ. ಇಲ್ಲೇ ತುಂಬಾ ಜನ ಎಡವುತ್ತಾರೆ. ಸಿಕ್ಕಿದ್ದರಲ್ಲಿ ಅತಿ ಪ್ರಕಾಶದ ಎಲ್‌ಇಡಿ ತಂದು, ಹತ್ತು ಕಡೆ ತೂತು ಕೊರೆದು, ಎಲ್ಲವನ್ನೂ ಒಂದೇ ವೇಗದಲ್ಲಿ ಮಿಣುಕಿಸುತ್ತಾರೆ. ಹೆಲ್ಮೆಟ್ ಹೋಗಿ ಸೀರಿಯಲ್ ಸೆಟ್ ಆಗಿಬಿಡುತ್ತದೆ.

ನೋಡುವವರಿಗೆ 'ಹೌದು, ಅದೇ ಇದು' ಅನ್ನಿಸುವುದು ಬೆಳಕಿನ ಪ್ರಮಾಣದಿಂದ ಅಲ್ಲ, ಲಯದಿಂದ. ದೀಪ ಎಷ್ಟು ಹೊತ್ತು ಹತ್ತಿರುತ್ತದೆ, ಎಷ್ಟು ಹೊತ್ತು ಆರಿರುತ್ತದೆ, ಥಟ್ಟನೆ ಆರುತ್ತದೋ ಮೆಲ್ಲಗೆ ಆರುತ್ತದೋ ಅನ್ನುವುದು ಸರಿಯಾದರೆ ಎರಡೇ ಎರಡು ದೀಪ ಸಾಕು. ಹಾಗಾಗಿ ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು ಸಿನಿಮಾ ಮುಂದೆ ಕೂರೋಣ.

ಫ್ರೇಮ್ ಎಣಿಸಿ

ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ. ಒಂದೊಂದೇ ಫ್ರೇಮ್ ಮುಂದೆ ಸರಿಸಲು ಬಿಡುವ ಯಾವುದಾದರೂ ವಿಡಿಯೋ ಪ್ಲೇಯರ್ ತೆಗೆದುಕೊಳ್ಳಿ. ಹೆಲ್ಮೆಟ್ ಚೆನ್ನಾಗಿ ಕಾಣುವ ಒಂದು ಶಾಟ್ ಆರಿಸಿ. ದೀಪ ಹತ್ತಿದ ಫ್ರೇಮ್‌ನಿಂದ ಆರುವ ಫ್ರೇಮ್‌ವರೆಗೆ ಎಣಿಸಿ. 6 ಫ್ರೇಮ್ ಬಂದರೆ ಕಾಲು ಸೆಕೆಂಡು, 12 ಬಂದರೆ ಅರ್ಧ ಸೆಕೆಂಡು. ಆರಿರುವ ಹೊತ್ತನ್ನೂ ಹೀಗೇ ಎಣಿಸಿ ಬರೆದಿಡಿ. ಒಂದು ಎಚ್ಚರಿಕೆ: ಎಣಿಕೆ ಒಂದೇ ಶಾಟ್ ಒಳಗೆ ಮುಗಿಯಬೇಕು. ಕತ್ತರಿ ಬಿದ್ದ ಜಾಗ ದಾಟಿದರೆ ಲೆಕ್ಕ ಕೆಟ್ಟಿತು. ನಿಮ್ಮ ಫೈಲು 25 ಅಥವಾ 30 ಫ್ರೇಮ್‌ನದೋ ಅಂತಲೂ ಮೊದಲೇ ನೋಡಿಕೊಳ್ಳಿ.

ಎಣಿಸುವಾಗಲೇ ಇನ್ನೊಂದು ಗಮನಿಸಿ. ದೀಪ ಒಂದೇ ಫ್ರೇಮ್‌ನಲ್ಲಿ ಪೂರ್ತಿ ಆರುತ್ತದೆಯೋ, ಇಲ್ಲಾ ಎರಡು ಮೂರು ಫ್ರೇಮ್ ತೆಗೆದುಕೊಂಡು ಮಂಕಾಗುತ್ತಾ ಹೋಗುತ್ತದೆಯೋ? ಹಳೆಯ ಸಿನಿಮಾಗಳಲ್ಲಿ ಎರಡನೆಯದು ಜಾಸ್ತಿ, ಯಾಕೆಂದರೆ ಅಲ್ಲಿ ಉರಿಯುತ್ತಿದ್ದದ್ದು ಎಷ್ಟೋ ಸಲ ಎಲ್‌ಇಡಿ ಅಲ್ಲ, ತಂತಿ ಕಾಯುವ ಪುಟ್ಟ ಬಲ್ಬು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂತು. ಪ್ರಖರ ನೀಲಿ ಎಲ್‌ಇಡಿ ಬರಲು 1993 ಆಗಬೇಕಾಯಿತು. ಬಿಳಿ ಎಲ್‌ಇಡಿ ಅದರ ನಂತರದ್ದು. ಎಪ್ಪತ್ತರ ದಶಕದ ಹೆಲ್ಮೆಟ್‌ನಲ್ಲಿ ನೀಲಿ ಅಥವಾ ಬಿಳಿ ದೀಪ ಕಂಡರೆ ಅದು ಬಲ್ಬು, ಅಷ್ಟೇ. ಬಲ್ಬಿನ ತಂತಿ ತಣ್ಣಗಾಗಲು ಸ್ವಲ್ಪ ಹೊತ್ತು ಬೇಕು. ಎಲ್‌ಇಡಿ ಹಾಗಲ್ಲ, ಕರೆಂಟ್ ಹೋದ ಕ್ಷಣವೇ ಆರುತ್ತದೆ. ಈ ಒಂದು ವ್ಯತ್ಯಾಸ ನಿಮಗೆ ಯಾವ ಸರ್ಕ್ಯೂಟ್ ಬೇಕು ಅನ್ನುವುದನ್ನೇ ತೀರ್ಮಾನಿಸುತ್ತದೆ.

ದೀಪ ಥಟ್ಟನೆ ಹತ್ತಿ ಥಟ್ಟನೆ ಆರಿದರೆ ಹೊತ್ತು ಅಳೆಯುವ 555 ಟೈಮರ್ ಚಿಪ್ ಸಾಕು. ಸಾಲಾಗಿ ಓಡುವ ದೀಪವಾದರೆ ಅದರ ಜೊತೆ 4017 ಅನ್ನುವ ಎಣಿಸುವ ಚಿಪ್ ಸೇರಿಸಿ. ಮೆಲ್ಲಗೆ ಹತ್ತಿ ಆರಬೇಕು, ಅಥವಾ ನಾಲ್ಕು ದೀಪ ನಾಲ್ಕು ತರಹ ಮಿಣುಕಬೇಕು ಅಂದರೆ ಮೈಕ್ರೋಕಂಟ್ರೋಲರ್, ಅಂದರೆ ಪ್ರೋಗ್ರಾಂ ಬರೆದು ನಡೆಸುವ ಚಿಪ್, ಬೇಕೇ ಬೇಕು. ಒಳಗೇ ಚಿಪ್ ಇಟ್ಟುಕೊಂಡು ತಾನಾಗಿಯೇ ಮಿಣುಕುವ ಎಲ್‌ಇಡಿಗಳೂ ಸಿಗುತ್ತವೆ. ಅವುಗಳ ವೇಗ ಬದಲಿಸಲು ಬರುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ನಾನು ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎರಡು ದೀಪ, ಒಂದು 555

ಕಿವಿಯ ಪಕ್ಕದ ಕಡ್ಡಿಯ ತುದಿಯಲ್ಲಿ ಎರಡು ಕೆಂಪು ದೀಪ, ಒಂದು ಹತ್ತಿದಾಗ ಇನ್ನೊಂದು ಆರಬೇಕು ಅಂತಿಟ್ಟುಕೊಳ್ಳಿ. 1972ರಲ್ಲಿ ಬಂದ 555 ಚಿಪ್ ಇಂಥ ಕೆಲಸಕ್ಕೆ ಇವತ್ತಿಗೂ ಸಲೀಸು. ಪ್ರೋಗ್ರಾಂ ಬರೆಯುವ ತಾಪತ್ರಯ ಇಲ್ಲ.

ಬೇಕಾಗುವುದು ಇಷ್ಟು: ಒಂದು 555 ಮತ್ತು ಅದರ 8 ಕಾಲಿನ ಸಾಕೆಟ್, 1 ಕಿಲೋಓಮ್ ರೆಸಿಸ್ಟರ್, 4.7 ಕಿಲೋಓಮ್ ರೆಸಿಸ್ಟರ್, 100 ಕಿಲೋಓಮ್ ಪ್ರಿಸೆಟ್ (ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್), 10 ಮೈಕ್ರೋಫ್ಯಾರಡ್ ಮತ್ತು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದೊಂದು, 0.01 ಮೈಕ್ರೋಫ್ಯಾರಡ್‌ನ ಬಿಲ್ಲೆ ಕೆಪಾಸಿಟರ್ ಒಂದು, ಎಲ್‌ಇಡಿಗೆ 470 ಮತ್ತು 270 ಓಮ್ ರೆಸಿಸ್ಟರ್, 3 ಮಿಲಿಮೀಟರಿನ ಎರಡು ಕೆಂಪು ಎಲ್‌ಇಡಿ, ನಾಲ್ಕು ಸಣ್ಣ ಪೆನ್ಸಿಲ್ ಸೆಲ್ ಮತ್ತು ಅದರ ಹೋಲ್ಡರ್, ಒಂದು ಸ್ವಿಚ್.

ಮೊದಲು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತಂತಿ ಸಿಕ್ಕಿಸುವ ಹಲಗೆ) ಮೇಲೆ ಜೋಡಿಸಿ. ನೇರವಾಗಿ ಬೆಸುಗೆಗೆ ಇಳಿಯಬೇಡಿ.

1. ಚಿಪ್‌ನ 1ನೇ ಕಾಲು ಮೈನಸ್‌ಗೆ, 8 ಮತ್ತು 4ನೇ ಕಾಲು ಪ್ಲಸ್‌ಗೆ.
2. 2 ಮತ್ತು 6ನೇ ಕಾಲನ್ನು ಒಂದು ತಂತಿಯಿಂದ ಸೇರಿಸಿ. ಅಲ್ಲಿಂದ ಮೈನಸ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಅದರ ಮೈನಸ್ ಗೆರೆ ಇರುವ ಕಡೆ ಬ್ಯಾಟರಿಯ ಮೈನಸ್‌ಗೇ ಬರಬೇಕು.
3. 8 ಮತ್ತು 7ನೇ ಕಾಲಿನ ನಡುವೆ 1 ಕಿಲೋಓಮ್.
4. 7 ಮತ್ತು 6ನೇ ಕಾಲಿನ ನಡುವೆ 4.7 ಕಿಲೋಓಮ್ ಹಾಗೂ ಪ್ರಿಸೆಟ್, ಒಂದರ ಹಿಂದೆ ಒಂದು.
5. 5ನೇ ಕಾಲಿನಿಂದ ಮೈನಸ್‌ಗೆ 0.01 ಮೈಕ್ರೋಫ್ಯಾರಡ್. ಪ್ಲಸ್ ಮೈನಸ್ ನಡುವೆ, ಚಿಪ್‌ಗೆ ಆದಷ್ಟು ಹತ್ತಿರ, 100 ಮೈಕ್ರೋಫ್ಯಾರಡ್.
6. 3ನೇ ಕಾಲು ಔಟ್‌ಪುಟ್. ಮೊದಲ ಎಲ್‌ಇಡಿ ಪ್ಲಸ್‌ನಿಂದ 470 ಓಮ್ ಮೂಲಕ ಈ ಕಾಲಿಗೆ ಬರಲಿ. ಎರಡನೆಯದು ಈ ಕಾಲಿನಿಂದ 270 ಓಮ್ ಮೂಲಕ ಮೈನಸ್‌ಗೆ ಹೋಗಲಿ. ಎಲ್‌ಇಡಿಯ ಉದ್ದ ಕಾಲು ಯಾವಾಗಲೂ ಪ್ಲಸ್ ಕಡೆಗೆ.

ಎರಡು ರೆಸಿಸ್ಟರ್ ಯಾಕೆ ಬೇರೆ ಬೇರೆ? ಸಾಧಾರಣ 555ರ ಔಟ್‌ಪುಟ್ ಕೆಳಗಿಳಿದಾಗ ಹೆಚ್ಚುಕಡಿಮೆ ಸೊನ್ನೆಗೇ ಬರುತ್ತದೆ. ಮೇಲೇರಿದಾಗ ಮಾತ್ರ ಬ್ಯಾಟರಿಗಿಂತ ಸುಮಾರು ಒಂದೂವರೆ ವೋಲ್ಟ್ ಕಡಿಮೆಯಲ್ಲೇ ನಿಲ್ಲುತ್ತದೆ. ಕೆಂಪು ಎಲ್‌ಇಡಿ ತಾನೇ 2 ವೋಲ್ಟ್ ನುಂಗುತ್ತದೆ. 6 ವೋಲ್ಟ್‌ನಲ್ಲಿ ಮೊದಲ ದೀಪದ ರೆಸಿಸ್ಟರ್‌ಗೆ ಉಳಿಯುವುದು 4 ವೋಲ್ಟ್, ಎರಡನೆಯದಕ್ಕೆ ಸುಮಾರು ಎರಡೂವರೆ. ಎರಡಕ್ಕೂ ಒಂದೇ ರೆಸಿಸ್ಟರ್ ಹಾಕಿದರೆ ಒಂದು ದೀಪ ಮಂಕು. ಎಷ್ಟೋ ಜನ ಎಲ್‌ಇಡಿಯೇ ಕೆಟ್ಟಿದೆ ಅಂದುಕೊಂಡು ಬದಲಿಸುತ್ತಾ ಕೂರುತ್ತಾರೆ. ಮೇಲೆ ಹೇಳಿದ ರೆಸಿಸ್ಟರ್ ಹಾಕಿದರೆ ಎರಡರಲ್ಲೂ 8ರಿಂದ 9 ಮಿಲಿಆಂಪಿಯರ್ ಹರಿಯುತ್ತದೆ. ಎಲ್‌ಇಡಿ 20ರವರೆಗೆ ತಡೆಯಬಲ್ಲದು, ಆದರೆ ಒಳಾಂಗಣದಲ್ಲಿ ಅಷ್ಟು ಬೆಳಕು ಕಣ್ಣಿಗೆ ಚುಚ್ಚುತ್ತದೆ.

ದೀಪ ಒಂದು ಸುತ್ತು ಹತ್ತಿ ಆರಲು ಹಿಡಿಯುವ ಸಮಯದ ಲೆಕ್ಕ ಸುಲಭ. 7 ಮತ್ತು 6ರ ನಡುವಿನ ಓಮ್‌ಗಳನ್ನು ಎರಡರಿಂದ ಗುಣಿಸಿ, ಅದಕ್ಕೆ 8 ಮತ್ತು 7ರ ನಡುವಿನ ಓಮ್ ಕೂಡಿಸಿ. ಬಂದದ್ದನ್ನು ಕೆಪಾಸಿಟರಿನ ಅಳತೆಯಿಂದಲೂ 0.693ರಿಂದಲೂ ಗುಣಿಸಿ. ಕೆಪಾಸಿಟರ್ ಫ್ಯಾರಡ್‌ನಲ್ಲಿದ್ದರೆ ಉತ್ತರ ಸೆಕೆಂಡಿನಲ್ಲಿ ಸಿಗುತ್ತದೆ. 6 ಫ್ರೇಮ್ ಹತ್ತಿ 6 ಫ್ರೇಮ್ ಆರುವ ದೀಪಕ್ಕೆ, ಅಂದರೆ ಅರ್ಧ ಸೆಕೆಂಡಿನ ಸುತ್ತಿಗೆ, 7 ಮತ್ತು 6ರ ನಡುವೆ ಸುಮಾರು 36 ಕಿಲೋಓಮ್ ಬೇಕಾಗುತ್ತದೆ. ಸುಮಾರು ಅಂದದ್ದು ಯಾಕೆಂದರೆ ಈ ಜಾತಿಯ ಕೆಪಾಸಿಟರ್‌ಗಳು ಮೈಮೇಲೆ ಬರೆದ ಅಳತೆಗಿಂತ ಶೇಕಡಾ 20ರಷ್ಟು ಆಚೀಚೆ ಇರುವುದು ಮಾಮೂಲು. ಪ್ರಿಸೆಟ್ ಇಟ್ಟದ್ದೇ ಅದಕ್ಕೆ. ಫೋನಿನಲ್ಲಿ ವಿಡಿಯೋ ತೆಗೆದು, ಫ್ರೇಮ್ ಎಣಿಸಿ, ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸುತ್ತಾ ಹೊಂದಿಸಿ. ಸರಿಯಾದ ಮೇಲೆ ಪ್ರಿಸೆಟ್ ಮೇಲೆ ಒಂದು ತೊಟ್ಟು ನೇಲ್ ಪಾಲಿಶ್ ಬಿಡಿ. ಇನ್ನು ಅಲುಗಾಡುವುದಿಲ್ಲ.

ಈ ಜೋಡಣೆಯಲ್ಲಿ ಹತ್ತುವ ಮತ್ತು ಆರುವ ಹೊತ್ತು ಹೆಚ್ಚುಕಡಿಮೆ ಸಮ. ಸಿನಿಮಾದಲ್ಲಿ ಚೂರೇ ಹೊತ್ತು ಹತ್ತಿ ಜಾಸ್ತಿ ಹೊತ್ತು ಆರಿರುವ ದೀಪವಿದ್ದರೆ 555 ಜೊತೆ ಗುದ್ದಾಡಬೇಡಿ, ಮೈಕ್ರೋಕಂಟ್ರೋಲರ್‌ಗೆ ಹೋಗಿ.

ವೇಗದ ವಿಚಾರದಲ್ಲಿ ಒಂದು ಮಿತಿ ಇರಲಿ. ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಮಿಣುಕುವ ಪ್ರಖರ ಬೆಳಕು ಕೆಲವರಲ್ಲಿ ಫಿಟ್ಸ್ ಬರಿಸಬಹುದು. ನೀವು ಜನರ ನಡುವೆ ಓಡಾಡುವವರು. ಸಿನಿಮಾದಲ್ಲಿ ಅದಕ್ಕಿಂತ ವೇಗವಿದ್ದರೂ ನೀವು ಇಳಿಸಿಕೊಳ್ಳಿ, ಇಲ್ಲವೇ ಬೆಳಕನ್ನು ಮಂದ ಮಾಡಿ.

ಸಾಲಾಗಿ ಓಡುವ ದೀಪ

ಹಣೆಯ ಮೇಲೋ ಹಿಂಭಾಗದಲ್ಲೋ ಐದು ದೀಪ ಒಂದರ ಹಿಂದೆ ಒಂದು ಓಡಬೇಕಾದರೆ 555ರ ಔಟ್‌ಪುಟ್ ಅನ್ನು 4017 ಚಿಪ್‌ನ 14ನೇ ಕಾಲಿಗೆ ಕೊಡಿ. 16 ಪ್ಲಸ್, 8 ಮೈನಸ್, 13ನ್ನೂ ಮೈನಸ್‌ಗೆ ಕಟ್ಟಿ. ದೀಪಗಳ ಕಾಲು ಕ್ರಮವಾಗಿ 3, 2, 4, 7, 10. ಹೌದು, ಕ್ರಮ ವಿಚಿತ್ರವಾಗಿದೆ, ಚಿಪ್ ಇರುವುದೇ ಹಾಗೆ. ಐದಾದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗಬೇಕಾದರೆ 1ನೇ ಕಾಲನ್ನು 15ನೇ ಕಾಲಿಗೆ ಜೋಡಿಸಿ. ಅದರ ಬದಲು 15ನ್ನು ಮೈನಸ್‌ಗೆ ಕಟ್ಟಿ ಉಳಿದ ಐದು ಔಟ್‌ಪುಟ್ ಖಾಲಿ ಬಿಟ್ಟರೆ ಐದು ಹೆಜ್ಜೆ ದೀಪ ಓಡುತ್ತದೆ, ಐದು ಹೆಜ್ಜೆ ಕತ್ತಲು. ನನ್ನನ್ನು ಕೇಳಿದರೆ ಎರಡನೆಯದೇ ಚೆಂದ. ಯಂತ್ರ ಏನನ್ನೋ ಹುಡುಕುತ್ತಾ ನಡುವೆ ಉಸಿರು ತೆಗೆದುಕೊಂಡ ಹಾಗೆ ಕಾಣುತ್ತದೆ.

ಒಂದು ಹೊತ್ತಿಗೆ ಒಂದೇ ದೀಪ ಹತ್ತುವುದರಿಂದ ಐದರ ಮೈನಸ್ ಕಾಲುಗಳನ್ನೂ ಸೇರಿಸಿ ಒಂದೇ 470 ಓಮ್ ರೆಸಿಸ್ಟರ್ ಹಾಕಿದರೆ ಆಯಿತು. ಇದು 6 ವೋಲ್ಟ್‌ಗೆ ಮಾತ್ರ ಹೇಳಿದ ಮಾತು. 9 ವೋಲ್ಟ್ ಬ್ಯಾಟರಿ ಹಾಕಿದರೆ ಆರಿರುವ ಎಲ್‌ಇಡಿಗಳ ಮೇಲೆ 5 ವೋಲ್ಟ್‌ಗಿಂತ ಜಾಸ್ತಿ ಉಲ್ಟಾ ಒತ್ತಡ ಬೀಳಬಹುದು, ಅದು ಅವುಗಳಿಗೆ ಒಳ್ಳೆಯದಲ್ಲ. ಆಗ ಪ್ರತಿ ದೀಪಕ್ಕೂ ಬೇರೆ ರೆಸಿಸ್ಟರ್ ಕೊಡಿ. 4017ರ ಒಂದು ಕಾಲಿನಿಂದ ಸಿಗುವುದು ಕೆಲವೇ ಮಿಲಿಆಂಪಿಯರ್. ಹಾಗಾಗಿ ಕಡಿಮೆ ಕರೆಂಟಿನಲ್ಲೂ ಚೆನ್ನಾಗಿ ಬೆಳಗುವ ಹೈ ಬ್ರೈಟ್‌ನೆಸ್ ಎಲ್‌ಇಡಿ ಹಾಕಿ.

ಮೈಕ್ರೋಕಂಟ್ರೋಲರ್ ದಾರಿ

ಆರ್ಡುಯಿನೋ ನ್ಯಾನೋ ಬೋರ್ಡ್ ಆಗಬಹುದು. ಜಾಗ ಕಮ್ಮಿ ಇದ್ದರೆ ಎಟಿಟೈನಿ85 ಚಿಪ್ ಇರುವ ಪುಟ್ಟ ಬೋರ್ಡ್ ಆಗಬಹುದು. ಪ್ರತಿ ಪಿನ್‌ಗೂ ಒಂದು ರೆಸಿಸ್ಟರ್, ಒಂದು ಎಲ್‌ಇಡಿ. 5 ವೋಲ್ಟ್‌ನಲ್ಲಿ ಕೆಂಪಿಗೆ 330 ಓಮ್. ನೀಲಿ ಮತ್ತು ಬಿಳಿ ದೀಪ 3 ವೋಲ್ಟ್‌ನಷ್ಟು ತಿನ್ನುತ್ತವೆ, ಅವಕ್ಕೆ 220 ಓಮ್. ಒಂದು ಪಿನ್‌ನಿಂದ 20 ಮಿಲಿಆಂಪಿಯರ್‌ಗಿಂತ ಜಾಸ್ತಿ ಎಳೆಯಬೇಡಿ.

ಪ್ರೋಗ್ರಾಂನಲ್ಲಿ ಹೊಸಬರು ಹಿಡಿಯುವ ದಾರಿ 'ಡಿಲೇ'. ದೀಪ ಹಚ್ಚು, ಕಾಯಿ, ಆರಿಸು, ಕಾಯಿ. ಒಂದು ದೀಪಕ್ಕೆ ಇದು ಸರಿ. ಎರಡನೇ ದೀಪ ಬಂದ ಕೂಡಲೇ ಕೆಡುತ್ತದೆ, ಯಾಕೆಂದರೆ ಕಾಯುವ ಹೊತ್ತಿನಲ್ಲಿ ಚಿಪ್ ಬೇರೇನನ್ನೂ ಮಾಡುವುದಿಲ್ಲ. ಅದರ ಬದಲು 'ಮಿಲಿಸ್' ಬಳಸಿ. ಅದು ಚಿಪ್ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಹೇಳುವ ಗಡಿಯಾರ. ಪ್ರತಿ ದೀಪ ಕೊನೆಯ ಸಲ ಯಾವಾಗ ಬದಲಾಯಿತು ಅಂತ ಬರೆದಿಟ್ಟುಕೊಳ್ಳಿ. ಈಗಿನ ಹೊತ್ತಿನಿಂದ ಅದನ್ನು ಕಳೆಯಿರಿ. ವ್ಯತ್ಯಾಸ ಗೊತ್ತುಮಾಡಿದ ಅವಧಿ ಮುಟ್ಟಿದರೆ ದೀಪ ತಿರುವಿ ಹಾಕಿ, ಇಲ್ಲವಾದರೆ ಮುಂದಿನ ದೀಪ ನೋಡಿ. ಲೂಪ್ ಸುತ್ತುತ್ತಲೇ ಇರುತ್ತದೆ, ಯಾರೂ ಯಾರಿಗೂ ಕಾಯುವುದಿಲ್ಲ.

ಅವಧಿ ಆರಿಸುವುದರಲ್ಲೇ ಇದರ ಸೊಗಸು ಇದೆ. ಒಂದು ದೀಪದ ಸುತ್ತು 500, ಇನ್ನೊಂದರದು 1000 ಮಿಲಿಸೆಕೆಂಡ್ ಇಟ್ಟರೆ ಪ್ರತಿ ಸೆಕೆಂಡಿಗೂ ಅದೇ ಮಾದರಿ ಮರಳುತ್ತದೆ, ಕಣ್ಣು ಕೂಡಲೇ ಹಿಡಿದುಬಿಡುತ್ತದೆ. 700 ಮತ್ತು 1100 ಇಟ್ಟು ನೋಡಿ. ಅದೇ ಮಾದರಿ ಮರಳಲು 7.7 ಸೆಕೆಂಡು ಬೇಕು. ಅಷ್ಟರಲ್ಲಿ ನೋಡುವವರ ಗಮನ ಬೇರೆಡೆ ಹೋಗಿರುತ್ತದೆ. ಸಿನಿಮಾದಲ್ಲಿ ದೀಪಗಳು ಅಡ್ಡಾದಿಡ್ಡಿ ಮಿಣುಕುತ್ತಿದ್ದರೆ ಇದೇ ಉಪಾಯ ಸಾಕು.

ಬಲ್ಬಿನ ಹಾಗೆ ಆರಿಸಲು ಪಿಡಬ್ಲ್ಯುಎಂ (ಅತಿ ವೇಗವಾಗಿ ಹಚ್ಚಿ ಆರಿಸಿ ಬೆಳಕು ಮಂದ ಮಾಡುವ ವಿಧಾನ) ಇರುವ ಪಿನ್ ಬೇಕು. 0ಯಿಂದ 255ರವರೆಗೆ ಬೆಳಕು ಏರಿಳಿಸಬಹುದು. ಏರುವುದು ಬೇಗ, ಇಳಿಯುವುದು ನಿಧಾನ ಇರಲಿ. 80 ಮಿಲಿಸೆಕೆಂಡಿನಲ್ಲಿ ಏರಿ 150ರಲ್ಲಿ ಇಳಿಯುವಂತೆ ಇಟ್ಟು ಶುರುಮಾಡಿ, ಆಮೇಲೆ ಕಣ್ಣಿಗೆ ಒಪ್ಪುವ ಹಾಗೆ ತಿದ್ದಿ. ನೇರ ಲೆಕ್ಕದಲ್ಲಿ ಇಳಿಸಿದರೆ ಕೊನೆಯವರೆಗೂ ಬೆಳಗಿದ್ದು ಥಟ್ಟನೆ ಆರಿದ ಹಾಗೆ ಕಾಣುತ್ತದೆ, ಯಾಕೆಂದರೆ ಮಂದ ಬೆಳಕಿನ ವ್ಯತ್ಯಾಸ ನಮ್ಮ ಕಣ್ಣಿಗೆ ಬೇಗ ಗೊತ್ತಾಗುತ್ತದೆ. ಅಂಕಿಯನ್ನು ಅದರಿಂದಲೇ ಗುಣಿಸಿ 255ರಿಂದ ಭಾಗಿಸಿ ಪಿನ್‌ಗೆ ಕೊಡಿ, ನಯವಾಗುತ್ತದೆ.

ಹೆಲ್ಮೆಟ್ ಒಳಗೆ

ಮೇಜಿನ ಮೇಲೆ ಕೆಲಸ ಮಾಡಿದ್ದು ಹೆಲ್ಮೆಟ್ ಒಳಗೆ ಹೋದ ಮೇಲೆ ಕೆಲಸ ಮಾಡದಿರುವುದಕ್ಕೆ ಕಾರಣ ಹೆಚ್ಚಾಗಿ ಎಲೆಕ್ಟ್ರಾನಿಕ್ಸ್ ಅಲ್ಲ. ತಂತಿ, ಬೆವರು, ಕುಲುಕಾಟ. ಹಾಗಾಗಿ ಈ ಭಾಗಕ್ಕೆ ಸರ್ಕ್ಯೂಟಿಗಿಂತ ಜಾಸ್ತಿ ಹೊತ್ತು ಕೊಡಿ.

ತೂತು ಕೊರೆಯುವುದು ಬಣ್ಣಕ್ಕಿಂತ ಮೊದಲು. ಈಗಾಗಲೇ ಬಣ್ಣ ಆಗಿದ್ದರೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗುರುತು ಹಾಕಿ ಕೊರೆಯಿರಿ, ಚಕ್ಕೆ ಏಳುವುದು ಕಡಿಮೆ. ಸಣ್ಣ ಬಿಟ್‌ನಿಂದ ಶುರುಮಾಡಿ 3 ಮಿಲಿಮೀಟರಿನ ಎಲ್‌ಇಡಿಗೆ 3.2ರವರೆಗೆ ಹಿಗ್ಗಿಸಿ. ಫೈಬರ್‌ಗ್ಲಾಸ್ ಆದರೆ ಮಾಸ್ಕ್ ಮತ್ತು ಕನ್ನಡಕ ಇಲ್ಲದೆ ಕೊರೆಯಲೇಬೇಡಿ. ಆ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು. 3ಡಿ ಪ್ರಿಂಟ್ ಮಾಡಿದ ಪಿಎಲ್‌ಎ ಪ್ಲಾಸ್ಟಿಕ್ ಹೆಲ್ಮೆಟ್ ಆದರೆ ನೆನಪಿಡಿ, ಅದು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬೆಸುಗೆಯ ಕೆಲಸವನ್ನೆಲ್ಲ ಹೊರಗೆ ಮುಗಿಸಿ ಒಳಗೆ ಕೂರಿಸಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಹೆಲ್ಮೆಟ್ ಬಿಟ್ಟು ಹೋಗಬೇಡಿ.

ಬರೀ ಎಲ್‌ಇಡಿ ಹೊರಗೆ ಇಣುಕಿದರೆ ಎಲ್‌ಇಡಿ ಅಂತಲೇ ಕಾಣುತ್ತದೆ. ನಡುವೆ ಚುಚ್ಚುವ ಚುಕ್ಕೆ, ಸುತ್ತ ಏನೂ ಇಲ್ಲ. ಅದರ ತಲೆಯನ್ನು 400 ನಂಬರಿನ ಉಪ್ಪು ಕಾಗದದಲ್ಲಿ ಮಂಜಾಗುವವರೆಗೆ ತಿಕ್ಕಿ. ಬೆಳಕು ಪೂರ್ತಿ ತಲೆಗೆ ಹರಡುತ್ತದೆ. ಇನ್ನೂ ಮೆತ್ತಗೆ ಬೇಕಾದರೆ ಎಲ್‌ಇಡಿಯನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿ ಮುಂದೆ ಅಕ್ರಿಲಿಕ್ ಕಡ್ಡಿಯ ತುಂಡು ಇಡಿ. ಸಿನಿಮಾದಲ್ಲಿ ಚೌಕ ದೀಪ ಇದ್ದರೂ ಇದೇ ದಾರಿ, ಹಾಲುಬಣ್ಣದ ಅಕ್ರಿಲಿಕ್ ಚೂರು ಕತ್ತರಿಸಿ ಹಿಂದೆ ಎಲ್‌ಇಡಿ.

ಈಗ ಹಿಂಬದಿ. ಎಲ್‌ಇಡಿ ಹಿಂದಕ್ಕೂ ಬೆಳಕು ಸೋರುತ್ತದೆ. ಆ ಬೆಳಕು ನಿಮ್ಮ ಕಣ್ಣಿನ ಮುಂದಿನ ವೈಸರ್ ಒಳಮೈಗೆ ಬಡಿದರೆ ಮಿಣುಕಿದಾಗಲೆಲ್ಲ ದಾರಿ ಕಾಣುವುದಿಲ್ಲ. ಎಲ್‌ಇಡಿಯ ಹಿಂಭಾಗಕ್ಕೆ ಕಪ್ಪು ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ. ಹೆಲ್ಮೆಟ್ ಒಳಮೈಗೆ ಮ್ಯಾಟ್ ಕಪ್ಪು ಬಣ್ಣ ಬಳಿಯಿರಿ. ತೆಳು ಪ್ಲಾಸ್ಟಿಕ್ ಹೆಲ್ಮೆಟ್‌ಗಳಲ್ಲಿ ದೀಪದ ಸುತ್ತ ಗೋಡೆಯೇ ಕೆಂಪಾಗಿ ಹೊಳೆಯುವುದೂ ಇದರಿಂದ ನಿಲ್ಲುತ್ತದೆ.

ತಂತಿ ಯಾವಾಗಲೂ ಬಹು ಎಳೆಯದ್ದೇ ಇರಲಿ, ಸಿಲಿಕೋನ್ ಹೊದಿಕೆಯದಾದರೆ ಇನ್ನೂ ಒಳ್ಳೆಯದು. ಒಂಟಿ ಎಳೆಯ ತಂತಿ ನಾಲ್ಕು ಸಲ ಬಾಗಿದರೆ ಬೆಸುಗೆಯ ಬುಡದಲ್ಲಿ ಮುರಿಯುತ್ತದೆ. ಮೇಲೆ ಕೆಳಗೆ ತಿರುಗುವ ಕಡ್ಡಿ ಇದ್ದರೆ ಅದನ್ನು ಟೊಳ್ಳು ಕೊಳವೆಯಿಂದ ಮಾಡಿ ಒಳಗೆ ಮೂರು ತಂತಿ ಹಾಯಿಸಿ: ಪ್ಲಸ್, ಮೈನಸ್, 3ನೇ ಕಾಲು. ರೆಸಿಸ್ಟರ್‌ಗಳು ಬೋರ್ಡ್ ಮೇಲೇ ಇರಲಿ, ಕಡ್ಡಿಯಲ್ಲಿ ಜಾಗ ಇರುವುದಿಲ್ಲ. ತಿರುಗುವ ಜಾಗದ ಹತ್ತಿರ ತಂತಿಯ ಒಂದು ಸುರುಳಿ ಸಡಿಲ ಬಿಡಿ. ಎಳೆತ ಬಿದ್ದಾಗ ಸುರುಳಿ ಬಿಚ್ಚಿಕೊಳ್ಳಲಿ, ಬೆಸುಗೆ ಕಿತ್ತುಬರುವುದು ಬೇಡ.

ಬೋರ್ಡ್ ಮತ್ತು ಸೆಲ್ ಹೋಲ್ಡರ್‌ಗೆ ಒಳ್ಳೆಯ ಜಾಗ ತಲೆಯ ಹಿಂಭಾಗ. ಮುಂದಿನ ವೈಸರ್ ಭಾರಕ್ಕೆ ಅದು ಸಮತೂಕವೂ ಆಗುತ್ತದೆ. ಬೋರ್ಡಿನ ಎರಡೂ ಬದಿಗೆ ಟೇಪ್ ಸುತ್ತಿ, ಅದರ ಮೇಲೆ ಫೋಮ್ ಹಾಕಿ. ಒಳಗೆ ಲೋಹದ ಹಾಳೆ ಅಥವಾ ಸ್ಕ್ರೂ ಇದ್ದರೆ ಅವು ಬೋರ್ಡಿಗೆ ತಾಗದಂತೆ ನೋಡಿಕೊಳ್ಳಿ. ಬೆವರು ಉಪ್ಪುನೀರು, ಬೆಸುಗೆಯನ್ನು ತಿನ್ನುತ್ತದೆ. ಎಲ್ಲ ಪರೀಕ್ಷೆ ಮುಗಿದ ಮೇಲೆ ಬೋರ್ಡಿನ ಬೆಸುಗೆ ಬದಿಗೆ ಪಾರದರ್ಶಕ ವಾರ್ನಿಷ್‌ನ ಪದರ ಕೊಡಿ. ವಾರ್ನಿಷ್ ಚಿಪ್‌ನ ಸಾಕೆಟ್ ಒಳಗೆ ಹೋಗದಿರಲಿ. ಸ್ವಿಚ್ ಕುತ್ತಿಗೆಯ ಅಂಚಿನಲ್ಲಿ, ಗ್ಲೌಸ್ ಹಾಕಿದ ಬೆರಳಿಗೂ ಸಿಗುವ ಜಾಗದಲ್ಲಿ ಇರಲಿ.

ಬ್ಯಾಟರಿ ಮತ್ತು ಫ್ಯಾನ್

9 ವೋಲ್ಟ್‌ನ ಚೌಕ ಬ್ಯಾಟರಿ ನೋಡಲು ಅನುಕೂಲ ಅನ್ನಿಸುತ್ತದೆ, ಆದರೆ ಅದರಲ್ಲಿರುವುದು ಸುಮಾರು 500 ಮಿಲಿಆಂಪಿಯರ್ ಅವರ್. ಸಣ್ಣ ಪೆನ್ಸಿಲ್ ಸೆಲ್ ಆಲ್ಕಲೈನ್ ಆದರೆ 1000ದ ಹತ್ತಿರ, ನಾಲ್ಕರ ತೂಕ 50 ಗ್ರಾಂ ಮೀರುವುದಿಲ್ಲ. ಎರಡು ದೀಪದ 555 ಸರ್ಕ್ಯೂಟ್ ಎಳೆಯುವುದು 15 ಮಿಲಿಆಂಪಿಯರ್‌ನಷ್ಟು. ಒಂದು ಇಡೀ ದಿನ ಆರಾಮಾಗಿ ನಡೆಯುತ್ತದೆ. ಸಾಧಾರಣ 555ಗೆ ಕನಿಷ್ಠ 4.5 ವೋಲ್ಟ್ ಬೇಕು. ಹಾಗಾಗಿ ಮೂರು ಸೆಲ್‌ನಲ್ಲಿ ಓಡಿಸಲು ಹೋದರೆ ಸ್ವಲ್ಪ ಹೊತ್ತಿಗೇ ತಕರಾರು ಶುರು.

ತಲೆಗೆ ಅಂಟಿಕೊಂಡ ಜಾಗದಲ್ಲಿ ಲಿಥಿಯಂ ಬ್ಯಾಟರಿ ಬೇಡ. ಅದು ಬೇಕೇ ಆದರೆ ಪವರ್ ಬ್ಯಾಂಕ್ ಸೊಂಟದಲ್ಲಿಟ್ಟು ತಂತಿ ಮೇಲಕ್ಕೆ ತನ್ನಿ. ನಡುವೆ ಸುಲಭವಾಗಿ ಕಳಚುವ ಕನೆಕ್ಟರ್ ಇರಲಿ. ಹೆಲ್ಮೆಟ್ ತೆಗೆಯುವಾಗ ತಂತಿ ಮರೆತರೂ ಕುತ್ತಿಗೆಗೆ ಸುತ್ತಿಕೊಳ್ಳಬಾರದು. ಪವರ್ ಬ್ಯಾಂಕ್‌ಗಳದ್ದು ಇನ್ನೊಂದು ಗುಣ: ತೀರಾ ಕಡಿಮೆ ಕರೆಂಟ್ ಎಳೆದರೆ ಫೋನ್ ಚಾರ್ಜ್ ಮುಗಿಯಿತು ಅಂದುಕೊಂಡು ತಾವೇ ಆಫ್ ಆಗುತ್ತವೆ. ಎರಡು ಎಲ್‌ಇಡಿ ಅದಕ್ಕೆ ಯಾವ ಲೆಕ್ಕ? ಆದರೆ ಅದೇ ತಂತಿಗೆ 5 ವೋಲ್ಟ್‌ನ ಪುಟ್ಟ ಫ್ಯಾನ್ ಸೇರಿಸಿದರೆ ಹಲವು ಪವರ್ ಬ್ಯಾಂಕ್‌ಗಳು ಎಚ್ಚರವಾಗಿರುತ್ತವೆ, ವೈಸರ್ ಮೇಲಿನ ಮಂಜೂ ಹೋಗುತ್ತದೆ. ಫ್ಯಾನ್ ತಿರುಗಿದಾಗ ಮೈಕ್ರೋಕಂಟ್ರೋಲರ್ ರೀಸೆಟ್ ಆಗುತ್ತಿದ್ದರೆ ಬೋರ್ಡ್ ಹತ್ತಿರ ಪ್ಲಸ್ ಮೈನಸ್ ನಡುವೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ.

ಹಾಕಿಕೊಳ್ಳುವ ಮೊದಲು

ಹೆಲ್ಮೆಟ್ ಆನ್ ಮಾಡಿ ಚೆನ್ನಾಗಿ ಕುಲುಕಿ. ದೀಪ ತಡವರಿಸಿದರೆ ಎಲ್ಲೋ ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ, ಇದೆ. ಪ್ಲಾಸ್ಟಿಕ್ ಕಡ್ಡಿಯಿಂದ ಒಂದೊಂದೇ ಬೆಸುಗೆ ತಟ್ಟುತ್ತಾ ಹೋದರೆ ಸಿಕ್ಕಿಬೀಳುತ್ತದೆ. ದೀಪ ಹತ್ತಿಯೇ ಇದ್ದು ಮಿಣುಕದಿದ್ದರೆ 2 ಮತ್ತು 6ನೇ ಕಾಲು ಸೇರಿವೆಯೇ ನೋಡಿ, ಆಮೇಲೆ ಕೆಪಾಸಿಟರ್ ಉಲ್ಟಾ ಆಗಿದೆಯೇ ನೋಡಿ. ಒಂದು ದೀಪ ಹತ್ತುವುದೇ ಇಲ್ಲವಾದರೆ ಹತ್ತಕ್ಕೆ ಒಂಬತ್ತು ಸಲ ಅದರ ಕಾಲು ಅದಲುಬದಲಾಗಿರುತ್ತದೆ. ಬೆಳಕಿನ ಜೋರು ಸರಿಯಿದೆಯೇ ಅಂತ ಕತ್ತಲೆ ಕೋಣೆಯಲ್ಲಿ ತೀರ್ಮಾನಿಸಬೇಡಿ, ನೀವು ಹಾಕಿಕೊಂಡು ಓಡಾಡುವಂಥ ಬೆಳಕಿನಲ್ಲೇ ನೋಡಿ. ಮೈಕ್ರೋಕಂಟ್ರೋಲರ್‌ನಲ್ಲಿ ಮಂದ ಮಾಡಿದ ದೀಪ ಫೋನಿನ ವಿಡಿಯೋದಲ್ಲಿ ಪಟ್ಟೆಪಟ್ಟೆಯಾಗಿ ಕಂಡರೆ ಗಾಬರಿ ಬೇಡ. ಪಿಡಬ್ಲ್ಯುಎಂ ದೀಪವನ್ನು ಸೆಕೆಂಡಿಗೆ ನೂರಾರು ಸಲ ಹಚ್ಚಿ ಆರಿಸುತ್ತಿರುತ್ತದೆ, ಕ್ಯಾಮೆರಾಗೆ ಅದು ಕಾಣುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಹೆಲ್ಮೆಟ್ ಎತ್ತಿಡುವಾಗ ಸೆಲ್ ತೆಗೆದಿಡಿ. ಆಲ್ಕಲೈನ್ ಸೆಲ್ ತಿಂಗಳುಗಟ್ಟಲೆ ಒಳಗೇ ಉಳಿದರೆ ಸೋರಿ ಹೋಲ್ಡರಿನ ಸ್ಪ್ರಿಂಗ್ ತಿಂದುಹಾಕುತ್ತದೆ. ಪಿನ್ ನಂಬರುಗಳನ್ನೂ ತಂತಿಯ ಬಣ್ಣಗಳನ್ನೂ ಒಂದು ಚೀಟಿಯಲ್ಲಿ ಬರೆದು ಫೋಮ್ ಹಿಂದೆ ಸಿಕ್ಕಿಸಿ. ಮುಂದಿನ ರಿಪೇರಿಗೆ ಕೈಗೆ ಸಿಗುತ್ತದೆ.